ಹಳದಿ ದೀಪ, ಕೆಂಪು ಗೂಟ

ಫೋನ್ ಬಂದಾಗ ನಾನು ಹೂರಣದ ಉಂಡೆ ಕಟ್ಟುತ್ತಿದ್ದೆ. ನವೆಂಬರಿನ ಒಂದು ಶನಿವಾರದ ಬೆಳಗು. ಮಧ್ಯಾಹ್ನ ಮನೆಗೆ ದೊಡ್ಡವರೊಬ್ಬರು ಊಟಕ್ಕೆ ಬರುವವರಿದ್ದರು. ಅಂಗೈಗೆಲ್ಲ ಎಣ್ಣೆ ಮೆತ್ತಿಕೊಂಡಿತ್ತು. ಎರಡು ಬೆರಳ ತುದಿಯಲ್ಲಿ ರಿಸೀವರ್ ಎತ್ತಿ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

ಮಾತಾಡಿದ್ದು ನಮ್ಮ ಹುಡುಕುವ ತಂಡದ ಮುಖ್ಯಸ್ಥೆ. ದಾರಿ ತಪ್ಪಿದವರನ್ನು, ಮನೆ ಬಿಟ್ಟು ಹೋದವರನ್ನು ಕಾಡಲ್ಲಿ ಮೇಡಲ್ಲಿ ಹುಡುಕಿ ತರುವ, ಸಂಬಳವಿಲ್ಲದ ಊರ ಜನರ ತಂಡ ಅದು. ಆಕೆ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಬಿಳಿಗೂದಲಿನ ಅಮೆರಿಕನ್ ಹೆಂಗಸು. ಮನಸ್ಸಿನಲ್ಲಿ ನಾನು ಅವರನ್ನು ಲೀಡರಮ್ಮ ಎಂದೇ ಕರೆಯುತ್ತಿದ್ದೆ. ಸುತ್ತಿ ಬಳಸಿ ಮಾತಾಡುವವರಲ್ಲ. ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಆ ತುದಿಯ ಹೊಸ ಬಡಾವಣೆಯಲ್ಲಿ ಒಬ್ಬ ಅಜ್ಜಿ ಕಾಣೆಯಾಗಿದ್ದಾರೆ ಎಂದರು. ಇಂಡಿಯಾದವರು, ಮಗಳ ಬಾಣಂತನಕ್ಕೆ ಬಂದವರು. ಬೆಳಕು ಹರಿಯುವ ಹೊತ್ತಿಗೆ ಮನೆಯಿಂದ ಹೊರಬಿದ್ದವರು ಇನ್ನೂ ಹಿಂತಿರುಗಿಲ್ಲ. ಕೆಲಸದ ಮೇಲೆ ದೂರದ ಶಾರ್ಲೆಟ್‌ಗೆ ಹೋಗಿದ್ದ ಅಳಿಯ ಈಗಷ್ಟೇ ಅಲ್ಲಿಂದ ಹೊರಟಿದ್ದಾನೆ. ಮಗಳು ಹಸಿ ಬಾಣಂತಿ, ಬಾಗಿಲು ಬಿಟ್ಟು ಕದಲುವ ಹಾಗಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದು. ಇಷ್ಟು ಹೇಳಿ, ಅವರ ಭಾಷೆ ಕನ್ನಡವಂತೆ, ಅದು ನಿನ್ನದೇ ಅಲ್ಲವೇ ಎಂದು ಕೇಳಿದರು.

ನನ್ನದೇ ಎಂದೆ. ಈಗಲೇ ಹೊರಡುತ್ತೇನೆ ಎಂದು ಬಾಯಿ ಬಿಟ್ಟು ಹೇಳಿದ ಮೇಲೆ ನೆನಪಾಯಿತು, ವ್ಯಾನ್ ಮನೆಯಲ್ಲಿಲ್ಲ. ನಮ್ಮ ಯಜಮಾನರೂ ಭಾವನವರೂ ಅತಿಥಿಗಳನ್ನು ಕರೆತರಲು ಅದನ್ನೇ ತೆಗೆದುಕೊಂಡು ಏರ್‌ಪೋರ್ಟಿಗೆ ಹೋಗಿದ್ದರು. ಪರವಾಗಿಲ್ಲ, ಅರ್ಧ ಗಂಟೆಯಲ್ಲಿ ಯಾರನ್ನಾದರೂ ಕಳಿಸುತ್ತೇನೆ, ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿರು ಎಂದರು ಲೀಡರಮ್ಮ.

ಸೋಪು ಹಚ್ಚಿ ಕೈ ತೊಳೆದೆ. ಕಣಕಕ್ಕೆ ಇನ್ನಷ್ಟು ಎಣ್ಣೆ ಹನಿಸಿ, ಹೂರಣದ ಮೇಲೆ ತಟ್ಟೆ ಮುಚ್ಚಿದೆ. ದೇವರ ಮುಂದೆ ನಿಂತು, ನಾನು ಹೋಗುವವರೆಗೆ ಆ ತಾಯಿಯನ್ನು ಕಾಯಪ್ಪ ಎಂದು ಕೈ ಮುಗಿದೆ. ಬೂಟು ತರಲು ಗರಾಜಿಗೆ ಹೋದಾಗ ಬಟ್ಟೆ ಒಗೆಯುವ ಮಷೀನಿನ ಮೇಲೆ ನನ್ನ ದೀಪದ ಹಳದಿ ಚಿಪ್ಪು ಕೂತಿರುವುದು ಕಂಡಿತು. ಕಂಡ ಕೂಡಲೇ ಎಲ್ಲ ಗೊತ್ತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಆ ಚಿಪ್ಪಿನ ವಿಷಯ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗಲಾರದು.

ನಮ್ಮ ಯಜಮಾನರ ಕೆಲಸದ ವೀಸಾದ ಬಾಲಕ್ಕೆ ಕಟ್ಟಿದ ವೀಸಾ ನನ್ನದು. ಈ ದೇಶದಲ್ಲಿ ನಾನು ಸಂಬಳಕ್ಕೆ ಕೈಯೊಡ್ಡುವ ಹಾಗಿರಲಿಲ್ಲ. ಪುಣ್ಯ ಮಾಡಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ನಾವಿದ್ದ ಕಮ್ಮಿಂಗ್ ಊರಿನಲ್ಲಿ ಆಗ ಎಲ್ಲಿ ನೋಡಿದರೂ ಮಣ್ಣು ಅಗೆದ ಜಾಗ, ಅರ್ಧ ಎದ್ದ ಮನೆಗಳು, ಅವುಗಳ ಬೆನ್ನಿಗೇ ಕಾಡು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮರೆವಿನ ಕಾಯಿಲೆಯ ಒಬ್ಬ ಮುದುಕರಿದ್ದರು. ಒಂದು ಚಳಿಗಾಲ ಅವರು ಚಪ್ಪಲಿಯಲ್ಲೇ ಎಲ್ಲಿಗೋ ನಡೆದುಬಿಟ್ಟಾಗ ಈ ತಂಡದವರು ಬಂದು ನಮ್ಮ ರಸ್ತೆಯಲ್ಲೇ ಬೀಡುಬಿಟ್ಟರು. ಅಷ್ಟು ಜನ ಚಳಿಯಲ್ಲಿ ನಿಂತಿರುವಾಗ ಒಳಗೆ ಕೂರಲು ಮನಸ್ಸು ಬರಲಿಲ್ಲ. ಚಿತ್ರಾನ್ನ ಕಲಸಿ ಕಾಫಿ ಮಾಡಿ ತೆಗೆದುಕೊಂಡು ಹೋದೆ. ಬಡಿಸುತ್ತ ಲೀಡರಮ್ಮನಿಗೆ ಹೇಳಿದೆ, ನಾನು ಬೆಳಿಗ್ಗೆ ಜಪ ಮಾಡುತ್ತ ವಾಕ್ ಹೋಗುವಾಗ ಈ ತಾತ ಚರ್ಚಿನ ಹಿಂದಿನ ಕೆರೆಯ ಬೆಂಚಿನ ಮೇಲೆ ಕೂತಿರುತ್ತಾರೆ ಎಂದು. ಅವರು ಸಿಕ್ಕಿದ್ದು ಅಲ್ಲೇ, ಬೆಂಚಿನ ಹಿಂದಿನ ಇಳಿಜಾರಿನಲ್ಲಿ. ಮುಂದಿನ ವಾರ ಲೀಡರಮ್ಮ ನಮ್ಮ ಬಾಗಿಲು ತಟ್ಟಿ, ನೀನು ನೋಡುವುದನ್ನು ಬಲ್ಲೆ, ನಮ್ಮ ಜೊತೆ ಬಾ ಎಂದು ಕರೆದರು.

ಈ ದೇಶಕ್ಕೆ ಕಾಲಿಟ್ಟ ಮೇಲೆ ನನ್ನನ್ನು ನನ್ನ ಹೆಸರು ಹಿಡಿದು ಒಂದು ಕೆಲಸಕ್ಕೆ ಕರೆದವರು ಅವರೊಬ್ಬರೇ. ದಿಕ್ಸೂಚಿ ನೋಡುವುದು, ರೇಡಿಯೋದಲ್ಲಿ ಮಾತಾಡುವುದು, ಸಾಲಾಗಿ ಪೊದೆಯೊಳಗೆ ನಡೆಯುವುದು, ಎಲ್ಲ ಕಲಿತೆ. ನನಗೆ ಹೆಚ್ಚಾಗಿ ಬೀಳುತ್ತಿದ್ದ ಕೆಲಸ ಕಾಣೆಯಾದವರ ಮನೆಯವರ ಹತ್ತಿರ ಕೂರುವುದು. ಮಗು ಕಳೆದುಕೊಂಡ ತಾಯಿಯ ಪಕ್ಕ ಸುಮ್ಮನೆ ಕೂರಲು ಯಾರೂ ಕಲಿಸಬೇಕಾಗಿಲ್ಲ. ಮನೆಯಲ್ಲಿ ಇವರು ಅದನ್ನು “ನಿನ್ನ ಕಾಡು ಸುತ್ತೋ ಕ್ಲಬ್ಬು” ಎನ್ನುತ್ತಿದ್ದರು. ಅಡುಗೆ ತಪ್ಪದಿದ್ದರೆ ಸಾಕು, ತಡೆಯಲಿಲ್ಲ. ಅದನ್ನೂ ಒಂದು ಉಪಕಾರ ಎಂದೇ ಎಣಿಸಿದ್ದೆ.

ತಂಡ ಬೀಡುಬಿಡುವುದು ಹೆಚ್ಚಾಗಿ ಹಳ್ಳಿ ರಸ್ತೆಗಳಲ್ಲಿ. ಅಂಚಿಲ್ಲದ ರಸ್ತೆ, ತಿರುವು, ಮಂಜು. ಒಮ್ಮೆ ನಮ್ಮವರೊಬ್ಬರ ಕಾರಿಗೆ ತಿರುವಿನಲ್ಲಿ ಬಂದ ಪಿಕಪ್ ಹಿಂದಿನಿಂದ ಗುದ್ದಿತು. ಒಳಗೆ ಯಾರೂ ಇರಲಿಲ್ಲ ಸದ್ಯ. ಅಂದಿನಿಂದ ಸ್ವಂತ ಗಾಡಿ ತರುವವರೆಲ್ಲ ಮೇಲೆ ಎಚ್ಚರಿಕೆಯ ದೀಪ ಇಡಬೇಕು ಎಂದಾಯಿತು.

ದೀಪ ಆರಿಸಲು ಲೀಡರಮ್ಮ ನಮ್ಮನ್ನು ಒಂದು ಸಂಜೆ ಚರ್ಚಿನ ಪಾರ್ಕಿಂಗ್ ಜಾಗಕ್ಕೆ ಕರೆಸಿದರು. ನೀಲಿ ಪೊಲೀಸರದ್ದು, ಅದರ ಮಾತೇ ಬೇಡ ಎಂದರು. ಕೆಂಪು ಬೆಂಕಿ ಆರಿಸುವವರದ್ದು, ಆಂಬುಲೆನ್ಸಿನವರದ್ದು. ಅದಕ್ಕೆ ಬೇರೆಯೇ ಅನುಮತಿ ಬೇಕು, ನಮಗಿಲ್ಲ. ನಮಗೆ ಕೊಟ್ಟಿರುವುದು ಹಳದಿ. ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ, ಕೆಂಪು ಇದ್ದರೆ ಜನ ದಾರಿ ಬಿಡುತ್ತಾರಲ್ಲ ಎಂದು ಗೊಣಗಿದ. ಲೀಡರಮ್ಮ ಅವನ ಕಡೆ ತಿರುಗಿ, ಕೆಂಪು ದೀಪ ‘ಸರಿಯಿರಿ, ನಾನು ಬಂದೆ’ ಅನ್ನುತ್ತದೆ, ಹಳದಿ ದೀಪ ‘ನೋಡಿಕೊಂಡು ಬನ್ನಿ, ಇಲ್ಲಿ ನಾವಿದ್ದೇವೆ’ ಅನ್ನುತ್ತದೆ, ಯಾರನ್ನೂ ಸರಿಸಲು ನಾವು ಹೋಗುವುದಿಲ್ಲ ಎಂದರು. ಆ ಮಾತು ನನಗೆ ದೇವಸ್ಥಾನದಲ್ಲಿ ಕೇಳಿದ ಮಾತಿನಷ್ಟೇ ಹಿಡಿಸಿತು.

ಹಳದಿಯಲ್ಲೂ ಬಗೆಗಳಿದ್ದವು. ಒಂದೊಂದನ್ನೇ ನಮ್ಮ ಹಳೆಯ ವ್ಯಾನಿನ ನೆತ್ತಿಯ ಮೇಲೆ ಇಟ್ಟು, ನನ್ನನ್ನು ರಸ್ತೆಯ ತಿರುವಿನವರೆಗೆ ನಡೆಸಿ, ಅಲ್ಲಿಂದ ತಿರುಗಿ ನೋಡು ಎಂದರು. ಛಕ್ ಛಕ್ಕೆಂದು ಮಿಂಚುವ ದೀಪ ಕಣ್ಣಿಗೆ ಚುಚ್ಚಿತು. ಮಿಂಚು ಆರಿದಾಗ ಗಾಡಿ ಎಷ್ಟು ದೂರದಲ್ಲಿದೆ ಎಂದೇ ತಿಳಿಯಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿಡುವ ಚಿಕ್ಕದು ಹಿಂದಿನಿಂದ ಬರುವವರಿಗೆ ಕಾಣದು. ಕೊನೆಗೆ ಒಂದು ಗುಂಡಗಿನದು, ಒಳಗೆ ಕನ್ನಡಿ ನಿಧಾನವಾಗಿ ಸುತ್ತುವಂಥದ್ದು. ಬೆಳಕು ಒಂದು ಸುತ್ತು ಬಂದು ನನ್ನ ಮುಖ ಸವರಿ ಮುಂದೆ ಹೋಗುತ್ತಿತ್ತು, ದೇವರಿಗೆ ಆರತಿ ಎತ್ತಿದ ಹಾಗೆ. ಅದೇ ಸಾಕು ಎಂದೆ. ತಳಕ್ಕೆ ಅಯಸ್ಕಾಂತ, ಇಟ್ಟರೆ ಕೂರುತ್ತದೆ, ಎಳೆದರೆ ಬರುತ್ತದೆ. ತಂತಿಯನ್ನು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದರಾಯಿತು. ಮೇಲಿನ ಬಣ್ಣದ ಚಿಪ್ಪನ್ನು ತಿರುಗಿಸಿ ಬಿಚ್ಚಿ ಒಳಗಿನ ಬಲ್ಬು ಬದಲಿಸಬಹುದು. ತೆಂಗಿನ ಚಿಪ್ಪಿನಷ್ಟೇ ಗಾತ್ರ, ಅರಿಶಿನದ ಬಣ್ಣ. ಅನುಮತಿಯ ಕಾರ್ಡು ನನ್ನ ಹೆಸರಿಗೆ ಬಂತು. ಅದನ್ನು ವ್ಯಾನಿನ ಗ್ಲೋವ್ ಬಾಕ್ಸಿನಲ್ಲಿಟ್ಟೆ.

ಆಯುಧಪೂಜೆಗೆ ಭಾವನವರು ಮೇರಿಲ್ಯಾಂಡಿನ ಕೊಲಂಬಿಯಾದಿಂದ ಬಂದಿದ್ದರು. ಇವರ ಅಣ್ಣ. ಅಮೆರಿಕಕ್ಕೆ ಬರುವ ಮೊದಲು ಊರಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಮಂತ್ರಿಗಳು ಬರುತ್ತಾರೆಂದರೆ ರಸ್ತೆ ಬದಿಯಲ್ಲಿ ಫೈಲು ಹಿಡಿದು ಬಿಸಿಲಲ್ಲಿ ಕಾದು ನಿಂತವರು. ಕೆಂಪು ದೀಪ ಹೊತ್ತ ಗೂಟದ ಕಾರು ದೂಳೆಬ್ಬಿಸಿ ಬಂದು, ಗಾಜು ಕೂಡ ಇಳಿಸದೆ ಹೋಗುತ್ತಿದ್ದುದನ್ನು ನಗುನಗುತ್ತಲೇ ಹೇಳುತ್ತಿದ್ದರು. ಆ ನಗುವಿನಲ್ಲಿ ಇನ್ನೂ ಏನೋ ಉಳಿದಿತ್ತು. ನಾನು ವ್ಯಾನ್ ತೊಳೆದು, ದೀಪದ ತಳಕ್ಕೆ ಅರಿಶಿನ ಕುಂಕುಮ ಇಟ್ಟು, ಚಿಪ್ಪಿಗೆ ತಾಗದ ಹಾಗೆ ಹೂ ಏರಿಸಿದ್ದೆ. ಭಾವ ಸುತ್ತ ಒಂದು ಸುತ್ತು ಹಾಕಿ ನೋಡಿದರು.

“ಏನಮ್ಮಾ ಇದು, ರೋಡ್ ರಿಪೇರಿಯೋರ ಲಾರಿ ಇದ್ದ ಹಾಗಿದೆ. ಗೂಟ ಅಂದ್ಮೇಲೆ ಕೆಂಪಗಿರ್ಬೇಕು.”

“ಗೂಟ ಅಲ್ಲ ಭಾವ, ಎಚ್ಚರಿಕೆ ದೀಪ.”

“ಯಾರಿಗೆ ಎಚ್ಚರಿಕೆ, ನನ್ ತಮ್ಮನಿಗಾ?”

ಇವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕೆ. ಕೊಲಂಬಿಯಾಕ್ಕೆ ಹಿಂತಿರುಗಿದ ಮೇಲೆ ಭಾವ ಅದೇ ದೀಪಕ್ಕೆ ಕೂರುವ ಕೆಂಪು ಚಿಪ್ಪೊಂದನ್ನು ಎಲ್ಲಿಂದಲೋ ತರಿಸಿ, ‘ಮಂತ್ರಿಣಿಯವರಿಗೆ’ ಎಂದು ಬರೆದು ಪಾರ್ಸೆಲ್ ಕಳಿಸಿದರು. ಇದು ನಮಗೆ ಹಾಕುವ ಹಾಗಿಲ್ಲ, ಹಾಕಿದರೆ ಕಾರ್ಡು ಹೋಗುತ್ತದೆ, ಕಾರ್ಡು ಹೋದರೆ ನಾನು ತಂಡದಲ್ಲಿ ಇರುವ ಹಾಗಿಲ್ಲ ಎಂದು ಇವರಿಗೆ ಬಿಡಿಸಿ ಹೇಳಿದೆ. ವಾಪಸ್ ಕಳಿಸಿಬಿಡಿ ಎಂದು ಅವರ ಕೈಗೇ ಕೊಟ್ಟೆ. ಸರಿ ಸರಿ ಎಂದರು. ಕಳಿಸಿದರು ಎಂದೇ ತಿಳಿದಿದ್ದೆ.

ಆ ವರ್ಷ ಇವರು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ರಾಜ್ಯೋತ್ಸವಕ್ಕೆ ಊರಿನಿಂದ ಮಾಜಿ ಮಂತ್ರಿಗಳೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಸಿದ್ದರು. ಮಧ್ಯಾಹ್ನ ನಮ್ಮಲ್ಲಿ ಒಬ್ಬಟ್ಟಿನ ಊಟ, ಸಂಜೆ ನಾರ್‌ಕ್ರಾಸ್ ಕಡೆಯ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಭಾವ ಅದಕ್ಕಾಗಿಯೇ ಎರಡು ದಿನ ಮುಂಚೆ ಬಂದಿಳಿದಿದ್ದರು. ಹಿಂದಿನ ಸಂಜೆ ಅಣ್ಣತಮ್ಮಂದಿರು ಗರಾಜಿನಲ್ಲಿ ಗುಸುಗುಸು ಮಾಡುತ್ತಿದ್ದುದು ಕೇಳಿಸಿತ್ತು. ಸೂಟ್‌ಕೇಸು ಹಿಡಿಸುವ ಬಗ್ಗೆ ಇರಬೇಕು ಎಂದುಕೊಂಡು ನಾನು ಬೇಳೆ ಆರಿಸುತ್ತ ಕೂತಿದ್ದೆ.

ಈಗ ಮಷೀನಿನ ಮೇಲೆ ಹಳದಿ ಚಿಪ್ಪು. ಅಂದರೆ ಕೆಂಪು ಚಿಪ್ಪು ವ್ಯಾನಿನ ತಲೆಯ ಮೇಲೆ.

ಬೂಟು ಹಾಕಿಕೊಂಡು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಬಾಗಿಲ ಬಳಿ ನಿಂತೆ. ಹಾಗೇನೂ ಆಗದಿರಲಿ, ದೀಪ ಹೊತ್ತಿಸದೆ ಬರೀ ಅಂದಕ್ಕೆ ಇಟ್ಟುಕೊಂಡು ಹೋಗಿರಲಿ ಎಂದು ಬೇಡಿಕೊಂಡೆ. ಕರೆದೊಯ್ಯುವ ಕಾರು ಬರುವ ಮೊದಲು ಫೋನ್ ಬಂತು. ಲೀಡರಮ್ಮನ ದನಿ ಮೊದಲಿನ ದನಿಯಾಗಿರಲಿಲ್ಲ. ನಿಮ್ಮ ವ್ಯಾನ್ ಎಲ್ಲಿದೆ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲು ಅವರೇ ಹೇಳಿದರು. ಹೆದ್ದಾರಿಯಲ್ಲಿ ಕೆಂಪು ದೀಪ ಸುತ್ತಿಸಿಕೊಂಡು, ಮುಂದಿನ ಕಾರುಗಳನ್ನು ಪಕ್ಕಕ್ಕೆ ಸರಿಸಿಕೊಂಡು ಬರುತ್ತಿದ್ದ ವ್ಯಾನನ್ನು ಪೊಲೀಸರು ನಿಲ್ಲಿಸಿದ್ದಾರೆ. ಓಡಿಸುತ್ತಿದ್ದವರು ನನ್ನ ಕಾರ್ಡು ತೋರಿಸಿ, ಇದು ಹುಡುಕುವ ತಂಡದ ಗಾಡಿ ಎಂದಿದ್ದಾರೆ. ಪೊಲೀಸಿನವನು ರೇಡಿಯೋದಲ್ಲಿ ಕೌಂಟಿಯನ್ನು ಕೇಳಿದ್ದಾನೆ. ಆ ಹೊತ್ತಿಗೆ ಕೌಂಟಿಯ ಅಧಿಕಾರಿ ಲೀಡರಮ್ಮನ ಪಕ್ಕದಲ್ಲೇ ನಿಂತು ಅಜ್ಜಿಯನ್ನು ಹುಡುಕಿಸುತ್ತಿದ್ದ. ಕಾರ್ಡು ರದ್ದು, ಆ ವ್ಯಾನಿನವರು ಯಾರೂ ಇಲ್ಲಿಗೆ ಕಾಲಿಡಬಾರದು ಎಂದುಬಿಟ್ಟ.

ಕಾರ್ಡು ಬೇಡ, ಜಾಕೆಟ್ಟೂ ಬೇಡ, ರಸ್ತೆಯಲ್ಲಿ ನಿಂತು ಕೂಗುತ್ತೇನೆ, ಅಷ್ಟಕ್ಕೆ ಬಿಡಿ ಎಂದೆ. ಅಧಿಕಾರಿಯನ್ನು ಆಗಲೇ ಕೇಳಿನೋಡಿದೆ, ಆಗುವುದಿಲ್ಲವಂತೆ ಎಂದರು ಲೀಡರಮ್ಮ. ಗಾಡಿಯ ವಿಷಯವಾಗಿ ಸುಳ್ಳು ಹೇಳಿದ ಮನೆಯಿಂದ ಬಂದವಳನ್ನು ಅವನು ನಂಬಲಾರ. ನಿನ್ನ ಭಾಷೆಯವರು ಬೇರೆ ಯಾರಾದರೂ ಇದ್ದರೆ ಬೇಗ ಕಳಿಸು ಎಂದರು. ಲೀಡರಮ್ಮನೇ ಕೂಗಿನೋಡಲಿ ಎಂದು ‘ಅಜ್ಜೀ, ಬನ್ನಿ’ ಎನ್ನುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಪಾಪ, ಮತ್ತೆ ಮತ್ತೆ ಹೇಳಿ ಕಲಿತರು. ಅವರ ಬಾಯಲ್ಲಿ ಅದು ನಮ್ಮ ಮಾತಿನ ಹಾಗೆ ಕೇಳಿಸಲೇ ಇಲ್ಲ.

ಸಂಘದ ಸದಸ್ಯರ ಫೋನ್ ಪುಸ್ತಕ ತೆಗೆದು ಒಂದೊಂದೇ ಮನೆಗೆ ಫೋನ್ ಮಾಡಿದೆ. ಒಂದು ಮನೆಯಲ್ಲೂ ಜನರಿರಲಿಲ್ಲ. ಹೆಂಗಸರೆಲ್ಲ ಸಭಾಂಗಣದಲ್ಲಿ ಕಾಗದದ ಮಾವಿನ ಎಲೆಯ ತೋರಣ ಕಟ್ಟುತ್ತಿದ್ದರು, ಮಕ್ಕಳು ಸ್ವಾಗತ ಗೀತೆಯ ಅಭ್ಯಾಸದಲ್ಲಿದ್ದರು, ಗಂಡಸರು ಕುರ್ಚಿ ಜೋಡಿಸುತ್ತಿದ್ದರು. ಆ ಸಭಾಂಗಣದ ಫೋನ್ ನಂಬರು ಇದ್ದದ್ದು ಕಾರ್ಯದರ್ಶಿಗಳ ಜೇಬಿನಲ್ಲಿ. ಎಲ್ಲ ಮನೆಯ ಫೋನ್ ಮಷೀನುಗಳೂ ‘ನಮಸ್ಕಾರ, ದಯವಿಟ್ಟು ಸಂದೇಶ ಬಿಡಿ’ ಎಂದವು. ಈ ದೇಶದ ಫೋನಿನಲ್ಲಿ ಅಷ್ಟು ಕನ್ನಡ ನನ್ನ ಕಿವಿಗೆ ಒಟ್ಟಿಗೆ ಬಿದ್ದದ್ದು ಅದೇ ಮೊದಲು. ಅದರಲ್ಲಿ ಒಂದು ದನಿಯೂ ಆ ಅಜ್ಜಿಯ ಉಪಯೋಗಕ್ಕೆ ಬರಲಿಲ್ಲ.

ಅಜ್ಜಿ ಆಗ ಎಲ್ಲಿದ್ದರು ಎಂಬುದನ್ನು ನಾನು ಅವರ ಬಾಯಿಂದಲೇ ಕೇಳಿದ್ದು ಎಷ್ಟೋ ದಿನಗಳ ಮೇಲೆ, ದೇವಸ್ಥಾನದ ಜಗಲಿಯಲ್ಲಿ. ಧಾರವಾಡದ ಕಡೆಯವರು. ಬೆಳಿಗ್ಗೆ ಎದ್ದು ಸ್ನಾನ ಮಾಡಿದ್ದಾರೆ, ಪೂಜೆಗೆ ಹೂವಿಲ್ಲ. ಆ ತಿಂಗಳಲ್ಲಿ ಇಲ್ಲಿಯವರು ಬಾಗಿಲ ಮುಂದೆ ಕುಂಬಳಕಾಯಿಯ ಪಕ್ಕ ಸೇವಂತಿಗೆಯ ಕುಂಡ ಇಡುತ್ತಾರಲ್ಲ, ಅದನ್ನು ಕಂಡು ಈ ಮನೆಯದು ನಾಲ್ಕು, ಆ ಮನೆಯದು ನಾಲ್ಕು ಎಂದು ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತ ನಡೆದಿದ್ದಾರೆ. ತಿರುಗಿ ನೋಡಿದರೆ ಎಲ್ಲ ಮನೆಯೂ ಒಂದೇ. ಮಗಳ ಮನೆ ಹುಡುಕುತ್ತ ಹೋಗಿ ಬಡಾವಣೆಯ ಕೊನೆಗೆ, ಇನ್ನೂ ಕಟ್ಟುತ್ತಿರುವ ಮನೆಗಳ ಕಡೆಗೆ ಬಂದಿದ್ದಾರೆ. ಅಷ್ಟರಲ್ಲಿ ಪೊಲೀಸ್ ಕಾರು ಬಂತು, ಕಿತ್ತಳೆ ಬಟ್ಟೆಯವರು ಬಂದರು, ನಾಯಿ ಬೊಗಳಿತು.

“ಹೂ ಹರದದ್ದಕ್ಕ ಹಿಡಿಯಾಕ ಬಂದಾರ ಅನ್ಕೊಂಡೆ ನೋಡವ್ವಾ. ಅಲ್ಲೇ ದೊಡ್ಡ ಪೈಪ್ ಬಿದ್ದಿತ್ತು, ಅದರಾಗ ಹೋಗಿ ಕುಂತೆ. ಅವರು ಹತ್ರ ಬಂದಂಗೆಲ್ಲಾ ನಾ ಒಳಗ ಒಳಗ ಸರಕೊಂಡೆ. ಒಬ್ಬರರ ಕನ್ನಡದಾಗ ‘ಹೆದರಬ್ಯಾಡ, ಹೊರಗ ಬಾ’ ಅಂದಿದ್ರ ಎದ್ದು ಬರ್ತಿದ್ದೆ.”

ಅಜ್ಜಿ ಅದನ್ನು ಹೇಳಿ ನಕ್ಕರು. ನಾಲ್ಕು ಸೇವಂತಿಗೆಗೆ ಅಮೆರಿಕದ ಪೊಲೀಸರೆಲ್ಲ ಬಂದರು ಎಂದುಕೊಂಡ ತಮ್ಮ ಪೆದ್ದುತನಕ್ಕೆ ನಕ್ಕರು. ನನಗೆ ನಗು ಬರಲಿಲ್ಲ. ಹೆದರಬೇಡ ಬಾ ಎನ್ನುವುದಕ್ಕೇ ನಾನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ ಎಂದು ಅವರಿಗೆ ಹೇಳಲಿಲ್ಲ. ಅಂದು ಅವರು ಪೈಪಿನೊಳಗೆ ಸರಿಯುತ್ತಿದ್ದ ಹೊತ್ತಿನಲ್ಲಿ ನಾನು ಬೂಟು ಬಿಚ್ಚಿಟ್ಟು, ಜಾಕೆಟ್ ಮಡಿಚಿ, ಮತ್ತೆ ಒಲೆಯ ಮುಂದೆ ನಿಂತಿದ್ದೆ.

ವ್ಯಾನ್ ಬಂದಾಗ ಹೊತ್ತು ಮೀರಿತ್ತು. ಅದರ ನೆತ್ತಿ ಬೋಳಾಗಿತ್ತು. ದೀಪವನ್ನು ಪೊಲೀಸಿನವನು ಕಿತ್ತುಕೊಂಡಿದ್ದ. ಭಾವನವರು ಏನೂ ಆಗದವರಂತೆ ಬಾಗಿಲು ತೆಗೆದು ಹಿಡಿದರು. ಅತಿಥಿಗಳು ನಿದ್ದೆಗಣ್ಣಿನಲ್ಲಿ ಇಳಿದು, ಏನಮ್ಮಾ ತಾಯಿ, ನಿಮಗೆ ತೊಂದರೆ ಕೊಟ್ಟೆವು ಎಂದರು. ಕೈ ಮುಗಿದೆ. ಮನೆಗೆ ಬಂದವರು, ಅವರ ಮೇಲೆ ಸಿಟ್ಟು ಮಾಡಿಕೊಂಡು ಪಾಪ ಕಟ್ಟಿಕೊಳ್ಳಲಾರೆ.

ತಟ್ಟೆ ಹಾಕಿ ಬಡಿಸುವಾಗ ಭಾವ ಪೊಲೀಸಿನವನ ಕತೆ ಶುರು ಮಾಡಿದರು. ಊರಲ್ಲಾಗಿದ್ದರೆ ಅವನು ಸೆಲ್ಯೂಟ್ ಹೊಡೆದು ಬಿಡುತ್ತಿದ್ದ, ಇಲ್ಲಿಯವರಿಗೆ ದೊಡ್ಡವರು ಚಿಕ್ಕವರು ಗೊತ್ತಿಲ್ಲ, ನಿಮಗೆ ಗೂಟದ ಕಾರಲ್ಲದೆ ಸರಿಹೋಗುತ್ತಾ ಎಂದು ನಾವು ಮಾಡಿದ್ದು ಹೀಗಾಯಿತು ಎಂದರು. ಅತಿಥಿಗಳು ಸಾರು ಕುಡಿಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

“ಗೂಟ ಹಾಕಿದ್ರಾ? ನಾನು ನೋಡ್ಲೇ ಇಲ್ವಲ್ಲ. ಒಳಗೆ ಕೂತೋನಿಗೆ ಅದೆಲ್ಲಿ ಕಾಣುತ್ತಪ್ಪಾ? ನಾನು ಆಗಲೇ ಗೊರಕೆ.”

ಎಲ್ಲರೂ ನಕ್ಕರು. ಭಾವ ಸ್ವಲ್ಪ ತಡವಾಗಿ ನಕ್ಕರು. ಬಿಸಿಲಲ್ಲಿ ಫೈಲು ಹಿಡಿದು ನಿಂತಿದ್ದ ಅಷ್ಟು ವರ್ಷವೂ ಒಳಗೆ ಕೂತವರು ನಿದ್ದೆ ಮಾಡುತ್ತಿದ್ದರೋ ಏನೋ ಎಂದು ಅವರಿಗೆ ಆಗ ಹೊಳೆದಿರಬಹುದು. ಹೊಳೆಯದೆಯೂ ಇರಬಹುದು. ನಾನು ಸಾರಿನ ಪಾತ್ರೆ ತೆಗೆದುಕೊಂಡು ಒಳಗೆ ಬಂದೆ.

ತುಪ್ಪ ಕೇಳಲು ಇವರು ಅಡುಗೆಮನೆಗೆ ಬಂದರು. ನನ್ನ ಮುಖ ನೋಡಿ, ಫೈನ್ ಕಟ್ಟಿದರೆ ಮುಗಿಯಿತು, ಬೇರೆ ದೀಪ ತಂದರಾಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದರು.

“ದೀಪ ಬೇಡ. ನನ್ನನ್ನ ತೆಗೆದುಹಾಕಿದ್ರು ರೀ.”

“ಯಾರು?”

“ತಂಡದೋರು.”

“ಸಂಬಳ ಇಲ್ಲದ ಕೆಲಸದಿಂದ ಯಾರಾದ್ರೂ ತೆಗೆದುಹಾಕ್ತಾರೇನೇ?”

ಕೊಂಕಿನ ಮಾತಲ್ಲ ಅದು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಸಂಬಳವಿಲ್ಲದ ಜಾಗದಲ್ಲಿ ಕಳೆದುಕೊಳ್ಳಲು ಏನಿರುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ನಾನು ಮಾಡುವುದಕ್ಕೂ ಸಂಬಳವಿಲ್ಲವಲ್ಲ, ಇಲ್ಲಿಂದ ನಾನು ಹೋದರೂ ಏನೂ ಹೋಗುವುದಿಲ್ಲವೇ ಎಂದು ಕೇಳಬೇಕೆನಿಸಿತು. ಹೊರಗೆ ಅತಿಥಿಗಳಿದ್ದರು. ತುಪ್ಪದ ಬಟ್ಟಲು ಕೈಗೆ ಕೊಟ್ಟೆ.

ಅವರು ಆಚೆ ಹೋದ ಮೇಲೆ ಫೋನ್ ಬಂತು. ಅಜ್ಜಿ ಸಿಕ್ಕರು ಎಂದರು ಲೀಡರಮ್ಮ. ಪೈಪಿನ ಬಾಯಲ್ಲಿ ನಾಯಿ ಕೂತುಬಿಟ್ಟಿತಂತೆ. ಮೊಣಕೈ ತರಚಿದೆ, ಮೈ ಐಸಿನ ಹಾಗಿದೆ, ನೀರು ಕುಡಿದಿಲ್ಲ. ಜೀವಕ್ಕೇನೂ ಇಲ್ಲ. ಹೊರಗೆ ಎಳೆಯುವಾಗ ತುಂಬ ಹೆದರಿ ಅತ್ತರು, ಏನೋ ಹೇಳುತ್ತಲೇ ಇದ್ದರು, ಒಂದೂ ಗೊತ್ತಾಗಲಿಲ್ಲ ಎಂದರು. ಸೋಮವಾರ ಬಂದು ಜಾಕೆಟ್, ಪೇಜರು ತೆಗೆದುಕೊಂಡು ಹೋಗುತ್ತೇನೆ ಎಂದೂ ಹೇಳಿದರು. ನೀನೇನೂ ಮಾಡಿಲ್ಲವೆಂದು ನನಗೆ ಗೊತ್ತು ಎಂದರು. ಗೊತ್ತಿದ್ದು ಏನು ಬಂತು ಎಂದು ನಾನು ಕೇಳಲಿಲ್ಲ. ಕಾಫಿ ಕುಡಿದೇ ಹೋಗಬೇಕು ಎಂದಷ್ಟೇ ಹೇಳಿದೆ.

ರಿಸೀವರ್ ಇಟ್ಟು ದೇವರ ಕಡೆ ತಿರುಗಿದೆ. ಕೊಟ್ಟದ್ದನ್ನು ಎಣಿಸಿಕೊಳ್ಳುವುದು ನನಗೆ ಅಮ್ಮ ಕಲಿಸಿದ ಅಭ್ಯಾಸ. ಸಂಜೆಯ ಚಳಿ ಇಳಿಯುವ ಮೊದಲೇ ಅಜ್ಜಿ ಸಿಕ್ಕರು. ಹೆದ್ದಾರಿಯಲ್ಲಿ ಯಾರಿಗೂ ಗಾಡಿ ತಾಗಲಿಲ್ಲ. ಇವರಿಗೆ ಕೈಕೋಳ ಬೀಳಲಿಲ್ಲ. ಹೂರಣ ನೀರಾಗಲಿಲ್ಲ. ಇಷ್ಟನ್ನೂ ನಿನ್ನ ಕೃಪೆ ಎಂದು ಒಪ್ಪಿಸಿದೆ. ಬಾಯಲ್ಲಿದ್ದ ಕಹಿ ಮಾತ್ರ ಹಾಗೇ ಇತ್ತು. ಅದನ್ನು ಯಾವ ಲೆಕ್ಕಕ್ಕೆ ಒಪ್ಪಿಸಬೇಕೋ ತಿಳಿಯಲಿಲ್ಲ, ನನ್ನ ಹತ್ತಿರವೇ ಇಟ್ಟುಕೊಂಡೆ.

ಹೊರಗಿನಿಂದ ಭಾವನವರ ದನಿ ಬಂತು, ಇನ್ನೊಂದು ಬಿಸಿ ಒಬ್ಬಟ್ಟು ಬರಲಿ ಎಂದು. ಕಾವಲಿ ಚೆನ್ನಾಗಿ ಕಾದಿತ್ತು. ಬಾಳೆಲೆ ಸಿಗದ ಊರಿನಲ್ಲಿ ಪ್ಲಾಸ್ಟಿಕ್ ಚೀಲ ಸೀಳಿ ಒಬ್ಬಟ್ಟು ತಟ್ಟುವುದು ನನ್ನ ಪದ್ಧತಿ. ಅಂಗೈಗೆ ಮತ್ತೆ ಎಣ್ಣೆ ಸವರಿಕೊಂಡು, ಕಣಕ ಹಿಗ್ಗಿಸಿ, ಅದರೊಳಗೆ ಒಂದು ಉಂಡೆ ಇಟ್ಟು ಬಾಯಿ ಮುಚ್ಚಿ, ಚೀಲದ ಮೇಲೆ ತಟ್ಟತೊಡಗಿದೆ.